ಗೇಜ್ ತರುವವರು ಬೇಕಿತ್ತು

ನಮ್ಮ ಅಪಾರ್ಟ್‌ಮೆಂಟಿನ ತೋಟದ ಲೈನಿಗೆ ಒಂದು ಬ್ಯಾಕ್‌ಫ್ಲೋ ಪ್ರಿವೆಂಟರ್ ಇದೆ, ಅಂದರೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಸಾಧನ. ಗೊಬ್ಬರದ ಟ್ಯಾಂಕ್ ಅದೇ ಲೈನಿಗೆ ಸೇರುತ್ತದೆ. ಆ ನೀರು ಕುಡಿಯುವ ನೀರಿನ ಪೈಪಿಗೆ ವಾಪಸ್ ಬರಲೇಬಾರದು. ಮಾನ್ಯತೆ ಪಡೆದವರಿಂದ ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಿ ರಿಪೋರ್ಟ್ ಕೊಡಿ ಎಂದು ನೀರು ಸರಬರಾಜು ಕಚೇರಿಯಿಂದ ಪತ್ರ ಬಂತು, ಜೊತೆಗೆ ಹೆಸರುಗಳ ಪಟ್ಟಿ. ಕಮಿಟಿಯಲ್ಲಿ ಇದನ್ನು ನಾನು ವಹಿಸಿಕೊಂಡೆ.

ಪಟ್ಟಿ ಕೈಗೆ ಸಿಕ್ಕ ಮೇಲೆ ಮುಗೀತಲ್ವಾ ಅನ್ನಿಸುತ್ತದೆ. ಫೋನ್ ಮಾಡುತ್ತಾ ಹೋದಂತೆ ಗೊತ್ತಾಗಿದ್ದೇ ಬೇರೆ. ಕೆಲವರು ಫಿಟ್ಟಿಂಗ್ ಮಾತ್ರ ಮಾಡುತ್ತಾರೆ, ಟೆಸ್ಟಿಂಗ್‌ಗೆ ಬೇರೆ ಪರವಾನಗಿ ಬೇಕು. ಕೆಲವರ ಪರವಾನಗಿಯ ಅವಧಿ ಮುಗಿದಿತ್ತು. ಒಬ್ಬರಂತೂ, "ವಾಲ್ವಿನ ಫೋಟೋ ಕಳಿಸಿ ಸಾರ್, ಸಹಿ ಹಾಕಿ ಕಳಿಸಿಬಿಡ್ತೀನಿ" ಎಂದರು. ನನಗೆ ತುಂಬಾ ಸಿಟ್ಟು ಬಂತು.

ಸಿಟ್ಟಿಗೆ ಕಾರಣವಿದೆ. 1933ರಲ್ಲಿ ಶಿಕಾಗೋದಲ್ಲಿ ವಿಶ್ವ ಮೇಳ ನಡೆಯುತ್ತಿದ್ದಾಗ, ಹೋಟೆಲ್‌ಗಳ ಪೈಪುಗಳಲ್ಲಿ ಕೊಳಚೆ ನೀರು ಕುಡಿಯುವ ನೀರಿಗೆ ಸೇರಿ ಅಮೀಬಾ ಭೇದಿ ಹರಡಿತು. 98 ಜನ ಸತ್ತರು. 1969ರಲ್ಲಿ ಮಸಾಚುಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದ ಹೆಚ್ಚಿನವರಿಗೆ ಹೆಪಟೈಟಿಸ್ ತಗುಲಿತು. ಹತ್ತಿರದಲ್ಲೆಲ್ಲೋ ಬೆಂಕಿ ಆರಿಸಲು ಜಾಸ್ತಿ ನೀರು ಎಳೆದಿದ್ದರು. ಮುಖ್ಯ ಪೈಪಿನ ಒತ್ತಡ ಕುಸಿಯಿತು, ಮೈದಾನಕ್ಕೆ ನೀರು ಬಿಡುವ ಗುಂಡಿಯಲ್ಲಿದ್ದ ಗಲೀಜು ನೀರು ಪೈಪಿನೊಳಗೆ ಹೋಯಿತು. ನಮ್ಮದೂ ತೋಟದ ಲೈನೇ ತಾನೆ?

ಆಮೇಲೆ ಫೋನ್ ಮಾಡಿದವರಿಗೆಲ್ಲ ಮೊದಲೇ ಕೇಳತೊಡಗಿದೆ: ಟೆಸ್ಟಿಂಗ್ ಪರವಾನಗಿ ಚಾಲ್ತಿಯಲ್ಲಿದೆಯಾ? ಒತ್ತಡ ಅಳೆಯುವ ನಿಮ್ಮ ಗೇಜನ್ನು ಈ ವರ್ಷ ಕ್ಯಾಲಿಬ್ರೇಟ್ ಮಾಡಿಸಿದ್ದೀರಾ, ಅಂದರೆ ಅದರ ಅಳತೆ ಸರಿಯಿದೆಯಾ ಎಂದು ನೋಡಿಸಿದ್ದೀರಾ? ಪ್ರಿವೆಂಟರ್ ಕೆಟ್ಟಿದ್ದರೆ ನೀವೇ ರಿಪೇರಿ ಮಾಡುತ್ತೀರಾ? ಒಬ್ಬರು, "ಗೇಜಿನ ಸರ್ಟಿಫಿಕೇಟ್ ತರ್ತೀನಿ, ನೀವೇ ನೋಡಿ. ಅರ್ಧ ಗಂಟೆ ತೋಟದ ನೀರು ನಿಲ್ಲಿಸಬೇಕಾಗುತ್ತೆ" ಎಂದರು. ನೀರು ನಿಲ್ಲಿಸಬೇಕು ಎಂದು ತಾವಾಗಿಯೇ ಹೇಳಿದರಲ್ಲ, ಅಲ್ಲೇ ನಂಬಿಕೆ ಬಂತು.

ಬಂದವರು ಮೊದಲು ಪ್ರಿವೆಂಟರಿನ ಸೀರಿಯಲ್ ನಂಬರ್ ಬರೆದುಕೊಂಡರು. ಅದರಲ್ಲಿ ನೀರನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಚೆಕ್ ವಾಲ್ವ್, ನಡುವೆ ಚೆಕ್ ಸೋರಿದರೆ ನೀರನ್ನು ಹೊರಗೆ ಬಿಡುವ ಒಂದು ರಿಲೀಫ್ ವಾಲ್ವ್. ಮೈಮೇಲೆ ನಾಲ್ಕು ಟೆಸ್ಟ್ ಕಾಕ್, ಅಂದರೆ ಟೆಸ್ಟಿಗೆಂದೇ ಇರುವ ಚಿಕ್ಕ ನಲ್ಲಿಗಳು. ಒಂದೊಂದನ್ನೂ ತೆರೆದು ಸ್ವಲ್ಪ ನೀರು ಹರಿಯಬಿಟ್ಟು ಗೇಜಿನ ಹೋಸ್‌ಗಳನ್ನು ಸೇರಿಸಿದರು. ಆಚೆ ಬದಿಯ ವಾಲ್ವ್ ಮುಚ್ಚಿದರು. ಗೇಜಿನ ಮುಳ್ಳು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನಿಧಾನಕ್ಕೆ ಕೆಳಗಿಳಿಯಿತು. ಅಷ್ಟರಲ್ಲಿ ರಿಲೀಫ್ ವಾಲ್ವಿನಿಂದ ನೀರು ತೊಟ್ಟಿಕ್ಕತೊಡಗಿತು.

"ಮೊದಲನೇ ಚೆಕ್ ಹಿಡೀತಿಲ್ಲ ಸಾರ್" ಎಂದು ಮುಚ್ಚಳ ಬಿಚ್ಚಿದರು. ರಬ್ಬರ್ ಡಿಸ್ಕಿನಲ್ಲಿ ಒಂದು ಮರಳಿನ ಕಾಳು ಹೂತು ಕೂತಿತ್ತು, ಸುತ್ತ ಸಣ್ಣ ಗೀರು. ಸೀಟನ್ನು ತೊಳೆದು ಹೊಸ ರಬ್ಬರ್ ಹಾಕಿ ಮತ್ತೆ ಮೊದಲಿನಿಂದ ಟೆಸ್ಟ್ ಮಾಡಿದರು. ಈ ಸಲ ಮುಳ್ಳು ಅಲ್ಲಾಡಲಿಲ್ಲ. ಎರಡನೇ ಚೆಕ್ಕೂ ಪಾಸಾಯಿತು. ಮೊದಲನೇ ಚೆಕ್ಕಿನ ಎರಡು ಬದಿಯ ಒತ್ತಡದ ನಡುವೆ ಕನಿಷ್ಠ 2 ಪಿಎಸ್‌ಐ (ಒತ್ತಡದ ಅಳತೆ) ವ್ಯತ್ಯಾಸ ಇರುವಾಗಲೇ ರಿಲೀಫ್ ವಾಲ್ವ್ ತೆರೆದುಕೊಳ್ಳಬೇಕು, ನಮ್ಮದು ಅದಕ್ಕಿಂತ ಮುಂಚೆಯೇ ತೆರೆಯಿತು. ಫೋಟೋದಲ್ಲಿ ಇದ್ಯಾವುದೂ ಕಾಣುವಂಥದ್ದಲ್ಲ. ಹೊರಗಿನಿಂದ ಆ ಪ್ರಿವೆಂಟರ್ ಹೊಸದರ ಹಾಗೇ ಇತ್ತು!

ಹೊರಡುವ ಮುಂಚೆ ಇನ್ನೊಂದು ವಿಷಯ ತೋರಿಸಿದರು. ನಮ್ಮ ಪ್ರಿವೆಂಟರ್ ನೆಲದ ಕೆಳಗಿನ ಗುಂಡಿಯಲ್ಲಿದೆ. ಮಳೆ ನೀರು ತುಂಬಿದರೆ ರಿಲೀಫ್ ವಾಲ್ವ್ ಮುಳುಗುತ್ತದೆ, ಆಗ ಹೊಲಸು ನೀರು ಅದರ ಬಾಯಿಂದಲೇ ಒಳಗೆ ಬರಬಹುದು. ಹಿಂದೆ ಫಿಟ್ ಮಾಡಿದವರಿಗೆ ಇದು ತಿಳಿದಿರಬೇಕಿತ್ತು. ನೆಲದ ಮೇಲಕ್ಕೆ ತರಲು ಕಮಿಟಿ ಒಪ್ಪಿದೆ. ಆ ಕೆಲಸವನ್ನೂ ಇವರಿಗೇ ಕೊಟ್ಟಿದ್ದೇವೆ. ಜಾಗ ಬದಲಿಸಿದ ದಿನವೇ ಮತ್ತೊಮ್ಮೆ ಟೆಸ್ಟ್ ಆಗಬೇಕು ಎಂದು ಅವರೇ ಬರೆಸಿಕೊಂಡರು. ರಿಪೋರ್ಟಿನಲ್ಲಿ ಮೊದಲ ಸಲ ಫೇಲಾಗಿದ್ದನ್ನೂ ಮುಚ್ಚಿಡದೆ ಬರೆದಿದ್ದಾರೆ. ಅದರ ಒಂದು ಪ್ರತಿ ನಮ್ಮ ನೋಟಿಸ್ ಬೋರ್ಡಿನಲ್ಲೂ ಇದೆ.