ಬಾಳೆಗೊನೆ ಮತ್ತು ಗಾಬ್ಲಿನ್

ಆ ಭಾನುವಾರ ನಮ್ಮ ಆಟದಲ್ಲಿ ಆರು ಗಾಬ್ಲಿನ್‌ಗಳು, ಅಂದರೆ ಕುಳ್ಳ ರಾಕ್ಷಸರು, ಇಪ್ಪತ್ತು ನಿಮಿಷದಲ್ಲಿ ಸತ್ತವು. ರಸ್ತೆ ಮಧ್ಯೆ ಗುಂಪಾಗಿ ಬಂದು ನಿಂತವು. ವಿಜರ್ಡ್ ಒಂದು ಸ್ಲೀಪ್ ಮಂತ್ರ ಹಾಕಿದ, ಮೂರು ಅಲ್ಲೇ ಮಲಗಿದವು. ಉಳಿದವನ್ನು ಫೈಟರ್ ಮತ್ತು ರೋಗ್ ಸೇರಿ ಮುಗಿಸಿದರು. ಯಾರಿಗೂ ಗಾಯ ಇಲ್ಲ, ಯಾರಿಗೂ ಖುಷಿಯೂ ಇಲ್ಲ. ಕ್ಲೆರಿಕ್ ಆಡುವ ಗೆಳೆಯ ಆಗಲೇ ಮೊಬೈಲ್ ತೆಗೆದಿದ್ದ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಗೊತ್ತಿಲ್ಲದವರಿಗೆ ಒಂದು ಮಾತು. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ ಇದು. ಮೇಜಿನ ಸುತ್ತ ಕೂತು, ಕಥೆ ಕಟ್ಟುತ್ತಾ, ದಾಳ ಉರುಳಿಸಿ ಆಡೋದು. ಒಬ್ಬೊಬ್ಬರದು ಒಂದೊಂದು ಪಾತ್ರ: ವಿಜರ್ಡ್ ಅಂದರೆ ಮಂತ್ರವಾದಿ, ಫೈಟರ್ ಅಂದರೆ ಯೋಧ, ರೋಗ್ ಅಂದರೆ ಕಳ್ಳ, ಕ್ಲೆರಿಕ್ ಅಂದರೆ ಪೂಜಾರಿ. ಮಿಕ್ಕಿದ ಲೋಕವೆಲ್ಲ ಡಂಜನ್ ಮಾಸ್ಟರ್ ಪಾಲು. ಹಳ್ಳಿಯವರು, ಮಳೆಗಾಳಿ, ಮೈಮೇಲೆ ಬರುವ ರಾಕ್ಷಸರು, ಎಲ್ಲ. ನಮ್ಮ ಮನೆ ಊಟದ ಮೇಜಿನಲ್ಲಿ ಆ ಕೆಲಸ ನನ್ನದು. ಹಾಗಾಗಿ ಆ ಸಪ್ಪೆ ಜಗಳದ ತಪ್ಪೂ ನನ್ನದೇ.

ಮರುವಾರ ಊರಿಗೆ ಹೋಗಿದ್ದೆ, ಸಾಗರದ ಹತ್ತಿರ. ತೋಟಕ್ಕೆ ಮಂಗಗಳು ಬಂದಿದ್ದವು. ಅಪ್ಪ ಡಬ್ಬ ಬಡಿಯುತ್ತಾ ಓಡಿದರು, ನಾಯಿಯೂ ಹಿಂದೆಯೇ ಓಡಿತು. ನಾನು ಕಟ್ಟೆ ಮೇಲೆ ಕೂತು ನೋಡುತ್ತಿದ್ದೆ. ದೊಡ್ಡದೊಂದು ಅಡಿಕೆ ಮರದ ತುದಿಯಲ್ಲಿ ಹಲ್ಲು ಕಿರಿಯುತ್ತಾ ಕೂತಿತ್ತು, ನಾಯಿಯ ಕಣ್ಣೆಲ್ಲ ಅದರ ಮೇಲೆ. ಅಷ್ಟರಲ್ಲಿ ಇನ್ನೆರಡು ಬೇಲಿ ಬದಿಯಿಂದ ನುಸುಳಿ ಬಾಳೆಗೊನೆಗೆ ಕೈ ಹಾಕಿದವು. ಅಪ್ಪ ತಿರುಗಿದ ಕೂಡಲೇ ಎಲ್ಲವೂ ಮಾಯ. ನಾವು ಕಾಫಿ ಕುಡಿಯೋಕೆ ಒಳಗೆ ಹೋದದ್ದೇ ತಡ, ಮತ್ತೆ ಹಾಜರು.

"ಇವು ಎದುರಿಗೆ ನಿಲ್ಲೋದೇ ಇಲ್ವಲ್ಲ" ಅಂದೆ.

"ಯಾಕೆ ನಿಲ್ತವೆ ಮಾರಾಯ? ಅವಕ್ಕೆ ನಮ್ಮನ್ನ ಸೋಲಿಸೋದು ಬೇಕಾಗಿಲ್ಲ. ಬಾಳೆಗೊನೆ ಬೇಕು, ಅಷ್ಟೆ" ಅಂದರು ಅಪ್ಪ.

ಆ ರಾತ್ರಿ ಗಾಬ್ಲಿನ್ ಪುಟ ತೆಗೆದು ಮತ್ತೆ ಓದಿದೆ. ನಾವು ಆಡೋದು ಐದನೇ ಆವೃತ್ತಿ, 2014ರ ಪುಸ್ತಕ. ಗಾಬ್ಲಿನ್‌ಗೆ ಇರೋದು 7 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ. ಕತ್ತಿಯ ಒಂದು ಒಳ್ಳೆ ಏಟಿಗೆ ಮುಗಿಯಿತು. ಆದರೆ ಅಡಗೋದರಲ್ಲಿ ಗಟ್ಟಿಗ. ಬಿಲ್ಲಿನ ಗುರಿ 80 ಅಡಿ. ಇನ್ನೊಂದು ವಿಶೇಷವೂ ಇದೆ: ಒಂದೇ ಟರ್ನ್‌ನಲ್ಲಿ ಬಾಣ ಬಿಟ್ಟು, ಮತ್ತೆ ಅಡಗಬಹುದು. ಇಲ್ಲಾ, ಎದುರಾಳಿಯ ಪಕ್ಕದಿಂದ ಏಟು ತಿನ್ನದೆ ಜಾರಿಕೊಳ್ಳಬಹುದು. ಇಷ್ಟೆಲ್ಲ ಬರೆದಿದ್ದರೂ ನಾನು ಅವನ್ನು ರಸ್ತೆ ಮಧ್ಯೆ ನಿಲ್ಲಿಸಿದ್ದೆ. ಪಾಪ ಅನ್ನಿಸಿತು.

ಹಳೆಯ ನಿಯಮವೊಂದನ್ನೂ ಎರವಲು ತಂದೆ. 1981ರ ಬೇಸಿಕ್ ಆವೃತ್ತಿಯಲ್ಲಿ ರಾಕ್ಷಸರಿಗೆ ಮೊರೇಲ್ ಅಂತ ಒಂದು ಅಂಕ ಇತ್ತು, ಅಂದರೆ ಧೈರ್ಯದ ಅಳತೆ. ಗುಂಪಿನಲ್ಲಿ ಮೊದಲ ಸಾವಾದಾಗ ಒಮ್ಮೆ, ಅರ್ಧ ಜನ ಬಿದ್ದಾಗ ಇನ್ನೊಮ್ಮೆ ಎರಡು ದಾಳ ಉರುಳಿಸೋದು. ಆ ಅಂಕ ಮೀರಿದರೆ ಓಟ. ನಾನು 7 ಅಂತ ಇಟ್ಟುಕೊಂಡೆ.

ಮುಂದಿನ ಭಾನುವಾರ ಮತ್ತೆ ಆರೇ ಗಾಬ್ಲಿನ್. ಅವೇ ಅಂಕಿಗಳು. ಈ ಸಲ ಒಂದು ಮಾತ್ರ ಬಂಡೆ ಮೇಲೆ ನಿಂತು ಕಿರುಚಿತು. ಎಲ್ಲರೂ ಆ ಕಡೆ ತಿರುಗಿದರು. ಬಾಣಗಳು ಬಂದದ್ದು ಎಡಗಡೆ ಪೊದೆಯಿಂದ. ವಿಜರ್ಡ್ ಸ್ಲೀಪ್ ಹಾಕಬೇಕು ಅಂದರೆ ಎರಡು ಒಂದೇ ಕಡೆ ಇಲ್ಲ. ಮೊಬೈಲ್‌ಗಳೆಲ್ಲ ಮೇಜಿನ ಅಂಚಿಗೆ ಸರಿದವು. ಕೊನೆಗೆ ವಿಜರ್ಡ್‌ಗೆ ಹೊಳೆಯಿತು, ಫೈರ್ ಬೋಲ್ಟ್ ಮಂತ್ರ ಒಣ ಪೊದೆಗೆ ಬೆಂಕಿ ಹಚ್ಚುತ್ತಲ್ವಾ? ಹೊಗೆಯಿಂದ ಆಚೆ ಬಂದ ಎರಡನ್ನು ರೋಗ್ ಕೆಡವಿದಳು. ಆ ಬೆಂಕಿ ನನ್ನ ಲೆಕ್ಕದಲ್ಲೇ ಇರಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ ನಾನೇ ಚಪ್ಪಾಳೆ ಹೊಡೆದೆ.

ಅಷ್ಟರಲ್ಲಿ ಕ್ಲೆರಿಕ್ ಎರಡು ಬಾಣ ತಿಂದು ಬಿದ್ದಿದ್ದ. ಸಾವಿನಿಂದ ಪಾರಾಗೋಕೆ ಉರುಳಿಸುವ ದಾಳಕ್ಕೆ ಡೆತ್ ಸೇವ್ ಅಂತಾರೆ, ಅದರಲ್ಲಿ ಮೊದಲನೆಯದನ್ನು ಸೋತಿದ್ದ. ಮೂರು ಸೋತರೆ ಪಾತ್ರ ಸತ್ತಂತೆ. ಅವನ ಪಕ್ಕದಲ್ಲೇ ಒಂದು ಗಾಬ್ಲಿನ್, ಅದರದ್ದೇ ಟರ್ನ್. ಬಿದ್ದವನಿಗೆ ಹತ್ತಿರದಿಂದ ಏಟು ತಾಗಿದರೆ ಒಮ್ಮೆಗೇ ಎರಡು ಸೋಲು. ಅಲ್ಲಿಗೆ ಮುಗಿಯಿತು. ಇದು ಮೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೆಳೆಯ ತನ್ನ ಪಾತ್ರದ ವಿವರ ಬರೆದ ಕ್ಯಾರೆಕ್ಟರ್ ಶೀಟ್ ಮೇಲೆ ಅಂಗೈ ಊರಿ ಕೂತಿದ್ದ.

ನಾನು ದಾಳ ಕೈಯಲ್ಲಿ ಹಿಡಿದು ಸುಮ್ನೆ ಕೂತೆ. ಆರು ತಿಂಗಳಿಂದ ಆಡಿಸಿಕೊಂಡು ಬಂದ ಪಾತ್ರ, ಬಿಟ್ಟುಬಿಡಲಾ? ಹಾಗೆ ಬಿಟ್ಟರೆ ಅದು ನನ್ನ ಕನಿಕರ. ಹೊಡೆದರೆ ನನಗೆ ಗೆಲ್ಲೋ ಹಟ. ಎರಡರಲ್ಲೂ ಗಾಬ್ಲಿನ್ ಇಲ್ಲ. ಅದರ ಜಾಗದಲ್ಲಿ ನಿಂತು ನೋಡಿದೆ. ಜೊತೆಗಾರರು ಮೂವರು ಬಿದ್ದಿದ್ದಾರೆ. ಮೊರೇಲ್ ದಾಳದಲ್ಲಿ 9 ಬಂದಿದೆ. ಬೆನ್ನಿಗೇ ಫೈಟರ್ ಬಂದು ನಿಂತಿದ್ದಾಳೆ. ಬಿದ್ದವನು ಇನ್ನು ಹೊಡೆಯಲಾರ. ಅವನ ಸೊಂಟದಲ್ಲಿ ಒಂದು ಚೀಲ.

"ಚೀಲ ಕಿತ್ಕೊಂಡು ಓಡ್ತು" ಅಂದೆ.

ಫೈಟರ್ ಕತ್ತಿ ಬೀಸುವ ಮೊದಲೇ ಜಾರಿ, 60 ಅಡಿ ಆಚೆ. ವಿಜರ್ಡ್ ಬಿಟ್ಟ ಬೆಂಕಿ ಮರಕ್ಕೆ ತಾಗಿತು. ಫೈಟರ್ ಮಂಡಿಯೂರಿ ಕ್ಲೆರಿಕ್‌ನ ರಕ್ತ ನಿಲ್ಲಿಸಿದಳು. ಮೇಜಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು.

ಕ್ಲೆರಿಕ್ ಶೀಟ್ ತಿರುಗಿಸಿ ನೋಡಿದ. "ಲೋ, ಹೀಲಿಂಗ್ ಪೋಷನ್, ಗಾಯದ ಮದ್ದು, ಅದರೊಳಗಿತ್ತು ಕಣೋ."

ರಾತ್ರಿ ಊಟ ಬಡಿಸುವಾಗಲೂ ಅದೇ ಮಾತು. ಹೆಜ್ಜೆ ಗುರುತು ಸಿಗುತ್ತಾ, ಮಳೆ ಬಂದರೆ ಅಳಿಸಿಹೋಗುತ್ತಾ, ಅದು ಒಬ್ಬನೇ ಎಲ್ಲಿಗೆ ಹೋಗಿರಬಹುದು. ನಾನು ತಟ್ಟೆ ಪಕ್ಕಕ್ಕಿಟ್ಟು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ: ಒಂದು ಗಾಬ್ಲಿನ್, 3 ಹಿಟ್ ಪಾಯಿಂಟ್ ಉಳಿದಿದೆ. ಕೈಯಲ್ಲಿ ಚೀಲ. ಪೋಷನ್ ಕುಡಿದಿಲ್ಲ, ಏನಂತ ಗೊತ್ತಿಲ್ಲ.