ಚಿತ್ರದುರ್ಗದಲ್ಲಿ ಸಮುದ್ರವಿತ್ತೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಭೂವಿಜ್ಞಾನ ಓದಿಕೊಂಡವನು ಎಂಬ ಕಾರಣಕ್ಕೆ ಕೋಟೆ ನೋಡಲು ಬರುವ ನೆಂಟರಿಷ್ಟರೆಲ್ಲ ನನ್ನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಒನಕೆ ಓಬವ್ವನ ಕಿಂಡಿಯನ್ನು ನೋಡಿ ಮೇಲೆ ಹತ್ತುವಷ್ಟರಲ್ಲಿ ಅವರಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಒಂದು ಕಾಲದಲ್ಲಿ ಇಲ್ಲಿ ಸಮುದ್ರವಿತ್ತಂತೆ, ಅಲೆಗಳ ಹೊಡೆತಕ್ಕೇ ಈ ಬಂಡೆಗಳು ಹೀಗೆ ಗುಂಡಗಾದವಂತೆ, ನಿಜವೇ?" ಸಮುದ್ರವಿದ್ದದ್ದು ನಿಜ. ಆದರೆ ಕೋಟೆಯ ಗುಂಡುಬಂಡೆಗಳು ಅದಕ್ಕೆ ಸಾಕ್ಷಿಯಲ್ಲ.

ಕೋಟೆಯ ಬೆಟ್ಟಗಳು ಗ್ರಾನೈಟಿನವು. ಸುಮಾರು 260 ಕೋಟಿ ವರ್ಷಗಳ ಹಿಂದೆ ನೆಲದಡಿಯಲ್ಲಿ, ಹಲವು ಕಿಲೋಮೀಟರ್ ಆಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದ ಶಿಲೆ ಇದು. ಮೇಲಿದ್ದ ಹೊರೆಯೆಲ್ಲ ಕಾಲಾಂತರದಲ್ಲಿ ಸವೆದುಹೋದಾಗ, ಒತ್ತಡ ಕಡಿಮೆಯಾದ ಬಂಡೆ ಅಡ್ಡಡ್ಡವಾಗಿಯೂ ಉದ್ದುದ್ದವಾಗಿಯೂ ಬಿರುಕುಬಿಟ್ಟಿತು. ಆ ಬಿರುಕುಗಳಲ್ಲಿ ಮಳೆನೀರು ಇಳಿಯಿತು. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ನೀರಿನ ಸಹವಾಸದಲ್ಲಿ ಮೆಲ್ಲಗೆ ಜೇಡಿಯಾಗುತ್ತದೆ. ಚೌಕಾಕಾರದ ಬಂಡೆಯ ಮುಖವನ್ನು ನೀರು ಒಂದೇ ಕಡೆಯಿಂದ ತಿನ್ನುತ್ತದೆ, ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ. ಆದುದರಿಂದ ಮೊದಲು ಮೂಲೆಗಳು ಮಾಯವಾಗುತ್ತವೆ, ಉಳಿದದ್ದು ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಸುಲಿಯುತ್ತದೆ. ಗುಂಡಗಾಗಲು ಅಲೆ ಬೇಕಾಗಲಿಲ್ಲ, ಮಳೆ ಮತ್ತು ಬಿಸಿಲು ಸಾಕಾದವು.

ನಿಜವಾದ ಸಾಕ್ಷಿಯನ್ನು ನೋಡಬೇಕಾದರೆ ಕೋಟೆಯಿಂದ ಇಳಿದು, ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ ಐಮಂಗಲದ ಬಳಿಯಿರುವ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿರುವುದು ದಿಂಬು ಲಾವಾ, ಅಂದರೆ ಪಿಲ್ಲೋ ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು 1976ರಲ್ಲಿಯೇ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಕಣ್ಣಿಗೆ ಹೊಡೆಯುವಂಥದ್ದೇನೂ ಅಲ್ಲಿಲ್ಲ: ಕಪ್ಪು-ಹಸಿರು ಬಣ್ಣದ ಬಂಡೆ, ಅದರ ಮೈಮೇಲೆ ಒಂದಕ್ಕೊಂದು ಒತ್ತಿಕೊಂಡಿರುವ ಉಬ್ಬುಗಳು. ಆದರೆ ನಮ್ಮ ಜಿಲ್ಲೆಯಲ್ಲಿ ನಾನು ಅತ್ಯಂತ ಗೌರವದಿಂದ ನೋಡುವ ಕಲ್ಲು ಅದೇ.

ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಕಾವಿನ ಲಾವಾ ನೀರಿನಡಿಯಲ್ಲಿ ಉಕ್ಕಿದಾಗ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ, ಅದರ ಹೊರಮೈ ಕ್ಷಣಗಳಲ್ಲಿ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗಿನದು ಇನ್ನೂ ದ್ರವವೇ. ಹಿಂದಿನಿಂದ ಬರುವ ಒತ್ತಡಕ್ಕೆ ಆ ಸಿಪ್ಪೆ ಒಡೆದು, ಒಳಗಿನ ಲಾವಾ ಹೊಸದೊಂದು ಮುದ್ದೆಯಾಗಿ ಹೊರಬರುತ್ತದೆ, ಅದೂ ನೀರು ತಾಕಿ ಸಿಪ್ಪೆ ಕಟ್ಟಿಕೊಳ್ಳುತ್ತದೆ. ಹೀಗೆ ಮುದ್ದೆಯ ಮೇಲೆ ಮುದ್ದೆ ಬೀಳುತ್ತ ಹೋಗುತ್ತದೆ. ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳದ ಚೀಲಗಳನ್ನು ಒಟ್ಟಿದಾಗ ಮೇಲಿನ ಚೀಲದ ಹೊಟ್ಟೆ ಕೆಳಗಿನ ಎರಡು ಚೀಲಗಳ ಸಂದಿಗೆ ಇಳಿದು ಕೂರುವುದನ್ನು ನೋಡಿದವರಿಗೆ ಈ ಬಂಡೆಯನ್ನು ಓದಲು ಕಷ್ಟವಾಗುವುದಿಲ್ಲ. ಪ್ರತಿ ದಿಂಬಿಗೂ ಮೇಲೆ ಉಬ್ಬು, ಕೆಳಗೆ ಸಂದಿಗೆ ಚಾಚಿದ ಮೊನೆ ಇರುತ್ತದೆ. ಭೂಮಿಯ ಪದರುಗಳು ಮಡಚಿ, ಓರೆಯಾಗಿ ನಿಂತಿರುವ ನಮ್ಮಂಥ ಕಡೆಯಲ್ಲಿ ಮೂಲತಃ ಯಾವುದು ಮೇಲ್ಮುಖವಾಗಿತ್ತು ಎಂಬುದನ್ನು ಭೂವಿಜ್ಞಾನಿಗಳು ಆ ಮೊನೆಯಿಂದಲೇ ಗುರುತಿಸುತ್ತಾರೆ. ಇಂದಿಗೂ ಸಾಗರಗಳ ತಳದಲ್ಲಿರುವ ಬೆಟ್ಟಸಾಲುಗಳಲ್ಲಿ ಇಂಥವೇ ದಿಂಬುಗಳು ಹುಟ್ಟುತ್ತಿವೆ.

ದಿಂಬು ಲಾವಾ ಸರೋವರದಲ್ಲಿಯೂ ಹಿಮಗಡ್ಡೆಯ ಅಡಿಯಲ್ಲಿಯೂ ಉಂಟಾಗಬಹುದು. ಅದೊಂದೇ ಹೇಳುವುದು ಅಲ್ಲಿ ನೀರಿತ್ತು ಎಂಬುದನ್ನು ಮಾತ್ರ. ಅದು ಸಮುದ್ರವೇ ಎನ್ನಲು ನೆರವಾಗುವುದು ಅದರ ನೆರೆಹೊರೆ. ಗದಗದ ಕಡೆಯಿಂದ ಚಿತ್ರದುರ್ಗವನ್ನು ಹಾಯ್ದು ಶ್ರೀರಂಗಪಟ್ಟಣದತ್ತ ಸಾಗುವ ಶಿಲಾಪಟ್ಟಿಯಲ್ಲಿ ಸುಣ್ಣಕಲ್ಲು ಇದೆ, ಕಬ್ಬಿಣದ ಪಟ್ಟೆಶಿಲೆಗಳಿವೆ. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದುದರಿಂದ ಕಬ್ಬಿಣವು ಕಡಲ ನೀರಿನಲ್ಲಿ ಕರಗಿಯೇ ಇರುತ್ತಿತ್ತು, ಮತ್ತು ಅದು ಪದರು ಪದರಾಗಿ ತಳಕ್ಕೆ ಇಳಿದಾಗ ಪಟ್ಟೆಶಿಲೆಯಾಯಿತು. ಭೀಮಸಮುದ್ರದ ಕಡೆಯ ಗಣಿಗಳಿಂದ ಲಾರಿಗಳಲ್ಲಿ ಹೋಗುವ ಅದಿರಿನ ಮೂಲ ಆ ಕಡಲೇ.

"ಹಾಗಾದರೆ ಮೀನಿನ ಮೂಳೆ, ಚಿಪ್ಪು ಸಿಗುತ್ತವೆಯೇ?" ಎಂದು ಮಕ್ಕಳು ಕೇಳುತ್ತಾರೆ. ಸಿಗುವುದಿಲ್ಲ. ಮರಡಿಹಳ್ಳಿಯ ಲಾವಾಗೆ ಸುಮಾರು 250 ಕೋಟಿ ವರ್ಷ ವಯಸ್ಸು, ಆಗ ಕಡಲಿನಲ್ಲಿದ್ದ ಜೀವವೆಂದರೆ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳಷ್ಟೇ. ಹಿಮಾಲಯದಲ್ಲಿ ಸಿಗುವ ಕಡಲ ಚಿಪ್ಪುಗಳು ಬಹಳ ಈಚಿನ, ಬೇರೆಯದೇ ಸಮುದ್ರದವು. ಅರಬ್ಬೀ ಸಮುದ್ರವಂತೂ ಇದರ ಮುಂದೆ ಹಸುಗೂಸು, ಅದಕ್ಕೆ ಹತ್ತು ಕೋಟಿ ವರ್ಷವೂ ಆಗಿಲ್ಲ.

ನನ್ನನ್ನು ಇಂದಿಗೂ ಬೆರಗುಗೊಳಿಸುವುದು ಆ ಕಡಲಿನ ಮೇಲಿದ್ದ ಆಕಾಶ. ಪಶ್ಚಿಮ ಆಸ್ಟ್ರೇಲಿಯಾದಲ್ಲಿಯೂ ಹೆಚ್ಚುಕಡಿಮೆ ಅದೇ ಕಾಲದ ಕಬ್ಬಿಣದ ಪಟ್ಟೆಶಿಲೆಗಳಿವೆ. ಅವುಗಳ ಪದರುಗಳನ್ನು ಅಳೆದು ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 246 ಕೋಟಿ ವರ್ಷಗಳ ಹಿಂದೆ ಒಂದು ದಿನವೆಂದರೆ ಸುಮಾರು 17 ಗಂಟೆ, ವರ್ಷವೊಂದಕ್ಕೆ ಐನೂರಕ್ಕೂ ಹೆಚ್ಚು ದಿನಗಳು. ಇಂದು ಸರಾಸರಿ 3.84 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಚಂದ್ರ ಆಗ ಸುಮಾರು 3.2 ಲಕ್ಷ ಕಿಲೋಮೀಟರ್ ದೂರದಲ್ಲಿದ್ದ, ಹಾಗಾಗಿ ಕಣ್ಣಿಗೆ ಇನ್ನಷ್ಟು ದೊಡ್ಡದಾಗಿ ಕಾಣುವಂತಿದ್ದ. ಈಗಲೂ ಅವನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಲೇ ಇದ್ದಾನೆ. ಸೂರ್ಯನ ಬೆಳಕು ಇಂದಿಗಿಂತ ಐದನೇ ಒಂದು ಭಾಗದಷ್ಟು ಕಡಿಮೆಯಿತ್ತು.

ಆ ಕಡಲು ಎಲ್ಲಿ ಹೋಯಿತು ಎಂದರೆ, ಅದರ ತಳವೇ ಭೂಚಲನೆಯ ಒತ್ತಡಕ್ಕೆ ಮಡಚಿ, ಮೇಲೆದ್ದು ನೆಲವಾಯಿತು. ಒತ್ತಡ ಮತ್ತು ಕಾವಿನಿಂದ ಲಾವಾದ ಖನಿಜಗಳು ಬದಲಾಗಿ ಕ್ಲೋರೈಟ್ ಹುಟ್ಟಿದ್ದರಿಂದ ಬಂಡೆಗೆ ಹಸಿರು ಛಾಯೆ ಬಂತು.

ನೋಡಲು ಹೋಗುವವರು ದಯವಿಟ್ಟು ಸುತ್ತಿಗೆ ಒಯ್ಯಬೇಡಿ, ನೆನಪಿಗೆಂದು ಚೂರು ಒಡೆದುಕೊಳ್ಳಬೇಡಿ. ಒಂದು ಬಾಟಲಿ ನೀರು ಒಯ್ಯಿರಿ. ಬಿಸಿಲಿಗೆ ಬೂದಾಗಿರುವ ಬಂಡೆಯ ಮೇಲೆ ಅದನ್ನು ಸುರಿದರೆ ಕಪ್ಪು ಅಂಚುಗಳು ಎದ್ದು ಕಾಣುತ್ತವೆ. ಅದು ನೀರು ತಾಕಿದೊಡನೆ ಗಟ್ಟಿಯಾದ ಅಂದಿನ ಸಿಪ್ಪೆ.