ಕೋಡಿ ಹೊಯ್ಗೆಯಲ್ಲಿ ಡಿಟೆಕ್ಟರ್: ಮೂರನೇ ತಿಂಗಳ ಲೆಕ್ಕ

ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ದುಬೈಯಿಂದ ಭಾವ ತಂದುಕೊಟ್ಟ, ನೆಲದಡಿಯ ಲೋಹ ಪತ್ತೆಮಾಡುವ ಹಳೆ ಮಷಿನ್. ಒಂದೇ ಫ್ರೀಕ್ವೆನ್ಸಿ, 6.5 ಕಿಲೋಹರ್ಟ್ಸ್. ಕುಂದಾಪುರದ ಕೋಡಿಯಲ್ಲಿ ಒಣ ಹೊಯ್ಗೆಯ ಮೇಲೆ ಅದರಷ್ಟು ಸಾಧು ಇನ್ನೊಂದಿಲ್ಲ. ಗಾಳಿಮರದ ಬುಡದಿಂದ ಹೊರಟರೆ ತೆಪ್ಪಗೆ ಜೊತೆಗೆ ಬರುತ್ತಿತ್ತು, ಬಾಟಲಿ ಮುಚ್ಚಳ ಸಿಕ್ಕಿದರಷ್ಟೇ ಕೂಗುತ್ತಿತ್ತು. ಅಲೆ ಬಂದು ಹೋಗುವ ಜಾಗಕ್ಕೆ ಕಾಲಿಟ್ಟೆನೋ, ಮುಗಿಯಿತು. ಕಿರ್ರ್, ಕಿರ್ರ್, ಪೀಂ. ಅಗೆದರೆ ಏನೂ ಇಲ್ಲ. ಮೊದಲ ಎರಡು ವಾರ ನಾನು ಅಗೆದ ಗುಂಡಿ ನೋಡಿದವರು ಏಡಿ ಹಿಡಿಯಲು ಬಂದಿದ್ದಾನೆ ಅಂದುಕೊಂಡಿರಬೇಕು.

ಕೂಗುತ್ತಿದ್ದದ್ದು ಉಪ್ಪುನೀರು. ಮಷಿನ್‌ನ ತುದಿಯಲ್ಲಿ ನೆಲದ ಮೇಲೆ ಆಡಿಸುವ ತಟ್ಟೆಯಂಥ ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ ಉಪ್ಪು ಕುಡಿದ ಹೊಯ್ಗೆಯಲ್ಲೂ ಸಣ್ಣಗೆ ಕರೆಂಟ್ ಹುಟ್ಟಿಸುತ್ತದೆ, ಮಷಿನ್‌ಗೆ ಅದು ತೆಳು ಲೋಹದ ಹಾಗೆ ಕೇಳಿಸುತ್ತದೆ. ತಾಪತ್ರಯ ಏನೆಂದರೆ, ಸಿಗರೇಟ್ ಪ್ಯಾಕಿನ ಬೇಗಡೆ, ತೆಳ್ಳನೆಯ ಬಂಗಾರದ ಓಲೆ, ಉಪ್ಪುನೀರು ಮೂರರ ಸದ್ದೂ ಹೆಚ್ಚುಕಡಿಮೆ ಒಂದೇ ಕಡೆ ಕೂರುತ್ತದೆ. ಉಪ್ಪಿನ ಬಾಯಿ ಮುಚ್ಚಿಸಲು ಹೋದರೆ ಓಲೆಯ ಬಾಯಿಯೂ ಮುಚ್ಚಿಹೋಗುತ್ತದೆ.

ಈ ತಿಂಗಳು ಕೈಯಲ್ಲಿರುವುದು ಸೆಕೆಂಡ್‌ಹ್ಯಾಂಡ್ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800. ಇದು ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿ ಬಿಟ್ಟು, ಒಂದೊಂದರಲ್ಲಿ ಉಪ್ಪು ಹೇಗೆ ಉತ್ತರ ಕೊಡುತ್ತದೆ ಅಂತ ಹೋಲಿಸಿ ಅದನ್ನು ಕಳೆದುಹಾಕುತ್ತದೆ. ಕಡಲತೀರಕ್ಕೆಂದೇ ಎರಡು ಸೆಟ್ಟಿಂಗ್ ಇವೆ. ಬೀಚ್ 1 ಒಣ, ಒದ್ದೆ ಎರಡಕ್ಕೂ ಆಗುತ್ತದೆ. ಬೀಚ್ 2 ನೀರಿಗಿಳಿದವರಿಗೆ. ಆದರೂ ಮಷಿನ್ ಬದಲಾದ ಮಾತ್ರಕ್ಕೆ ಬುದ್ಧಿ ಬರುವುದಿಲ್ಲವಲ್ಲ. ಮೊದಲ ದಿನ ಅಭ್ಯಾಸಬಲದಿಂದ ಗಾಳಿಮರದಿಂದ ನೀರಿನ ಕಡೆಗೆ, ನೀರಿನಿಂದ ಮರದ ಕಡೆಗೆ ಗೆರೆ ಎಳೆದ ಹಾಗೆ ನಡೆದೆ. ಹೆಜ್ಜೆಹೆಜ್ಜೆಗೂ ನೆಲ ಬದಲಾಗುವಾಗ ಪಾಪ ಅದಾದರೂ ಏನು ಮಾಡೀತು? ಈಗ ನೀರಿನ ಅಂಚಿಗೆ ಸಮವಾಗಿ ನಡೆಯುತ್ತೇನೆ. ಒಣದ್ದು ಮುಗಿಸಿಯೇ ಒದ್ದೆಗೆ ಇಳಿಯುವುದು, ಇಳಿದ ಕೂಡಲೇ ಕಾಯಿಲನ್ನು ನೆಲದ ಮೇಲೆ ನಾಲ್ಕೈದು ಸಲ ಎತ್ತಿ ಇಳಿಸಿ ಹೊಸದಾಗಿ ಗ್ರೌಂಡ್ ಬ್ಯಾಲೆನ್ಸ್ ಮಾಡುವುದು, ಅಂದರೆ ಆ ನೆಲದ ಸದ್ದನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಮಷಿನ್‌ಗೆ ಕಲಿಸುವುದು. ಸೆನ್ಸಿಟಿವಿಟಿ, ಅಂದರೆ ಮಷಿನ್‌ನ ಕಿವಿಯ ಚುರುಕು, ಒಣದರಲ್ಲಿ 20, ಒದ್ದೆಯಲ್ಲಿ 16. ಇಳಿಸುವಾಗ ಹೊಟ್ಟೆ ಉರಿಯುತ್ತದೆ, ಆದರೆ ಕೂಗಾಡುವ 20ಕ್ಕಿಂತ ಸುಮ್ಮನಿರುವ 16ರಲ್ಲೇ ನನಗೆ ಹೆಚ್ಚು ಸಿಕ್ಕಿದೆ. ಎಲ್ಲಕ್ಕಿಂತ ಕೆಟ್ಟದ್ದು ಪೂರ್ತಿ ಒದ್ದೆಯಾದ ಜಾಗವಲ್ಲ, ಅಲೆ ಈಗಷ್ಟೇ ಇಳಿದು ಹೊಯ್ಗೆ ನೀರು ಹೀರುತ್ತಿರುವ ಆ ಮೂರು ಮಾರು ಪಟ್ಟಿ. ಸಿಕ್ಕಿದ್ದು ಯಾವ ಲೋಹ ಅಂತ ಮಷಿನ್ ಪರದೆಯ ಮೇಲೆ ಒಂದು ಸಂಖ್ಯೆಯಲ್ಲಿ ಅಂದಾಜು ಹೇಳುತ್ತದೆ, ಅಲ್ಲಿ ಇವತ್ತಿಗೂ 1, 2 ಅಂತ ಸುಳ್ಳು ಸಂಖ್ಯೆ ಹಾರುತ್ತಲೇ ಇರುತ್ತದೆ.

ಇನ್ನೊಂದು ಪಾಠ ಅಡುಗೆಮನೆಯ ಪ್ಲಾಸ್ಟಿಕ್ ಮೇಜಿನ ಮೇಲೆ ಆಯಿತು. ವಿಡಿಯೋದವರು ಹೇಳಿದ ಹಾಗೆ ಕಬ್ಬಿಣದ ಸದ್ದೆಲ್ಲ ಬಂದ್ ಮಾಡಿ ಓಡಾಡುತ್ತಿದ್ದೆ. ಸಂತೆಯಂತೆ ಜನ ಸೇರುವ ತೀರದಲ್ಲಿ ಒಂದು ರೂಪಾಯಿಯೂ ಸಿಗುವುದಿಲ್ಲ ಅಂದರೆ? ಅನುಮಾನ ಬಂದು ಚಿಲ್ಲರೆ ಡಬ್ಬಿ ಸುರಿದು, ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ಹಿಡಿದೆ. ಒಂದು ರೂಪಾಯಿಗಳೆಲ್ಲ ಟಕ್ ಅಂತ ಅಂಟಿಕೊಂಡವು. 1992ರಿಂದ ಈಚಿನ ನಮ್ಮ ರೂಪಾಯಿ ಅಯಸ್ಕಾಂತಕ್ಕೆ ಅಂಟುವ ಜಾತಿಯ ಸ್ಟೇನ್‌ಲೆಸ್ ಸ್ಟೀಲು, 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಮಷಿನ್ ಅದನ್ನು ಮೊಳೆಯ ಸಾಲಿಗೆ ಸೇರಿಸಿ ಕೈತೊಳೆದುಕೊಳ್ಳುತ್ತಿತ್ತು. ಹನ್ನೊಂದು ಮೂಲೆಯ ಹಳೆ ಎರಡು ರೂಪಾಯಿ ತಾಮ್ರ ಮತ್ತು ನಿಕ್ಕಲ್‌ನದ್ದು, ಅದು ಅಂಟಲಿಲ್ಲ, ಸದ್ದೂ ಗಂಟೆ ಹೊಡೆದ ಹಾಗೆ. ಈಗ ಕಬ್ಬಿಣವನ್ನೂ ಕೇಳಿಸಿಕೊಳ್ಳುತ್ತೇನೆ. ಸಂಖ್ಯೆ ಕಬ್ಬಿಣದ ಮೈನಸ್‌ನಿಂದ ಮೇಲಕ್ಕೆ ಜಿಗಿದು ಮತ್ತೆ ಬಿದ್ದರೆ ರೂಪಾಯಿ ಇರಬಹುದು, ಸೋಡಾ ಮುಚ್ಚಳವೂ ಇರಬಹುದು. ಲೆಕ್ಕ ಹಾಕಿದರೆ ಮುಚ್ಚಳವೇ ಜಾಸ್ತಿ.

ಹುಣ್ಣಿಮೆ ಮರುದಿನ ನಸುಕಿಗೇ ಹೋದೆ. ಅಮಾಸೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಬಲು ಕೆಳಗೆ ಹೋಗುತ್ತದೆ, ಬೇರೆ ದಿನ ನೀರಡಿ ಇರುವ ಹೊಯ್ಗೆ ಒಂದೆರಡು ಗಂಟೆ ನಮ್ಮ ಪಾಲಿಗೆ. ಅಲ್ಲಿ 22, 23 ಅಂತ ಅಲುಗದ ಸಂಖ್ಯೆ ಬಂತು. ಅಗೆದೆ, ಗುಂಡಿಗೆ ನೀರು ತುಂಬಿತು, ಅಂಚು ಕುಸಿಯಿತು. ಮಾಮೂಲಿ ಸಲಿಕೆ ಇಲ್ಲಿ ದಂಡ. ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಸ್ಟೀಲ್ ಪೈಪಿಗೆ ತೂತು ಕೊರೆಸಿ, ಉದ್ದ ಹಿಡಿ ಹಾಕಿಸಿಕೊಂಡ ಸೌಟು ಇದೆ. ಬಾಚಿ ಅಲೆಯಲ್ಲಿ ಅಲ್ಲಾಡಿಸಿದರೆ ಹೊಯ್ಗೆ ಇಳಿದುಹೋಗುತ್ತದೆ. ಆದರೆ ಅದನ್ನು ಕಾಯಿಲಿನ ಹತ್ತಿರ ಇಟ್ಟು, ಅದರದ್ದೇ ಸದ್ದಿಗೆ ಕಾಲು ಗಂಟೆ ಸುತ್ತಲೂ ಅಗೆದಿದ್ದೇನೆ, ಅದು ಬೇರೆ ಮಾತು. ಮೂರನೇ ಬಾಚಿಗೆ ತಳದಲ್ಲಿ ಕಪ್ಪಗೆ ಏನೋ ಉಳಿಯಿತು. ಮಸಿ ಹಿಡಿದ ಸಣ್ಣ ಬಳೆಯಂತೆ, ಒಂದು ಕಡೆ ಬಾಯಿ ಬಿಟ್ಟದ್ದು. ಹೆಬ್ಬೆರಳಿನಿಂದ ತಿಕ್ಕಿದೆ, ಮೂರು ಸುತ್ತಿನ ಗೆರೆ ಕಂಡಿತು. ಬೆಳ್ಳಿಯ ಕಾಲುಂಗುರ. ಕಡಲಿಗೆ ಕಾಲು ಒಡ್ಡಿ ನಿಂತ ಯಾರದ್ದೋ ಬೆರಳಿಂದ ಅಲೆ ಎಳೆದುಕೊಂಡದ್ದು. ಚರುಮುರಿ ಗಾಡಿಯವರಿಗೆ ಹೇಳಿಟ್ಟಿದ್ದೇನೆ, ಇನ್ನೂ ಯಾರೂ ಕೇಳಿಕೊಂಡು ಬಂದಿಲ್ಲ.

"ನಿಧಿ ಸಿಕ್ತಾ ಮರಾಯ್ರೆ?" ಅಂತ ವಾಕಿಂಗ್‌ನವರು ಕೇಳುವುದು ನಿಂತಿಲ್ಲ. ನಮ್ಮಲ್ಲಿ 1962ರ ನಿಧಿ ಕಾಯ್ದೆ ಇದೆ, ಹಳೆಯದೇನಾದರೂ ನೆಲದಡಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂದರೆ ಅರ್ಧ ಜನ ಅಲ್ಲೇ ಆಸಕ್ತಿ ಕಳೆದುಕೊಳ್ಳುತ್ತಾರೆ. ದೇವಸ್ಥಾನ, ಕೋಟೆಯ ಹತ್ತಿರ ನಾನು ಮಷಿನ್ ಬಿಚ್ಚುವುದೂ ಇಲ್ಲ.

ನಿಜವಾಗಿ ಸಿಕ್ಕ ನಿಧಿ ಸೀಸ. ಬಲೆಯ ಅಡಿ ಹಗ್ಗಕ್ಕೆ ಕಟ್ಟುವ ಸೀಸದ ಗುಂಡುಗಳು ಒದ್ದೆ ಹೊಯ್ಗೆಯಲ್ಲಿ ಕಡಲೆ ಬಿತ್ತಿದ ಹಾಗೆ ಬಿದ್ದಿವೆ. ಸದ್ದು ಥೇಟ್ ಉಂಗುರದ್ದೇ, ಹಾಗಾಗಿ ಬಿಟ್ಟು ಮುಂದೆ ಹೋಗಲು ಧೈರ್ಯ ಸಾಲದು. ಮೂರು ತಿಂಗಳಲ್ಲಿ ಎರಡು ಕಿಲೋಗೆ ಹತ್ತಿರ ಆಯಿತು. ಮೊನ್ನೆ ದೋಣಿಯ ನೆರಳಲ್ಲಿ ಬಲೆ ಹೊಲಿಯುತ್ತಿದ್ದ ಅಜ್ಜಯ್ಯನ ಮುಂದೆ ಚೀಲ ಸುರಿದೆ. ಒಂದು ಗುಂಡು ಎತ್ತಿ, ತೂತಿನಲ್ಲಿ ಕಣ್ಣಿಟ್ಟು ನೋಡಿದರು.

"ಇದ್ ನಮ್ದೇ ಅಲ್ದಾ?" ಅಂದರು. ಚೀಲ ಪಕ್ಕಕ್ಕೆ ಎಳೆದುಕೊಂಡು, ಬುಟ್ಟಿಯಿಂದ ಆರು ಬಂಗುಡೆ ಎತ್ತಿ ನನ್ನ ಸೌಟಿಗೆ ಹಾಕಿದರು.